ಎಷ್ಟು ಎಂಬುದಕ್ಕೆ ಉತ್ತರವಿದೆ, ಯಾವುದು ಎಂಬುದಕ್ಕಿಲ್ಲ

ನಮ್ಮ ಬಳಗದ ಸಭೆಗಳಲ್ಲಿ, ನಾವು ಬರೆಯುವ ಪ್ರಬಂಧಗಳಲ್ಲಿ, ಪುಸ್ತಕ ಬಿಡುಗಡೆಯ ಭಾಷಣಗಳಲ್ಲಿ ಒಂದು ವಾಕ್ಯ ಈಚೆಗೆ ಮತ್ತೆ ಮತ್ತೆ ಕೇಳಿಬರುತ್ತಿದೆ: ‘ಕ್ವಾಂಟಮ್ ವಿಜ್ಞಾನವೂ ಈಗ ಇದನ್ನೇ ಹೇಳುತ್ತಿದೆ.’ ಈ ‘ಇದು’ ಏನೆಂದು ವಿಚಾರಿಸಿದರೆ ಉತ್ತರ ಭಾಷಣಕಾರರಿಗೆ ತಕ್ಕಂತೆ ಬದಲಾಗುತ್ತದೆ. ಒಬ್ಬರಿಗೆ ಅದು ಶಂಕರರ ಅದ್ವೈತ. ಇನ್ನೊಬ್ಬರಿಗೆ ‘ಸತ್ಯವೆಂಬುದೇ ಇಲ್ಲ, ಇರುವುದೆಲ್ಲ ಕಥನ’ ಎಂಬ ಸಿದ್ಧಾಂತ. ಮತ್ತೊಬ್ಬರಿಗೆ ಊರು ಬಿಟ್ಟು ಬಂದವರ ಅಸ್ಮಿತೆಯ ಬಿಕ್ಕಟ್ಟು: ನಾವು ಇಲ್ಲಿಯೂ ಇದ್ದೇವೆ, ಅಲ್ಲಿಯೂ ಇದ್ದೇವೆ, ಎಲೆಕ್ಟ್ರಾನಿನ ಹಾಗೆ. ಒಂದಕ್ಕೊಂದು ಹೊಂದದ ಮೂರು ಮಾತುಗಳಿಗೆ ಒಂದೇ ಸಾಕ್ಷಿ ನಿಲ್ಲುತ್ತದೆಯಾದರೆ, ಆ ಸಾಕ್ಷಿಯನ್ನು ಯಾರೂ ಸರಿಯಾಗಿ ವಿಚಾರಣೆ ಮಾಡಿಲ್ಲವೆಂದೇ ಅರ್ಥ.

ವಿಚಾರಣೆ ಮಾಡದವರಲ್ಲಿ ನಾವೂ ಸೇರಿದ್ದೇವೆ. ಇಂಥದೊಂದು ಸಭೆಯಲ್ಲಿ ಭಾಷಣ ಮುಗಿದ ಮೇಲೆ, ಭೌತಶಾಸ್ತ್ರ ಓದುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. ಕನ್ನಡವನ್ನು ಮನೆಯಲ್ಲಿ ಮಾತ್ರ ಕಲಿತವಳು, ಪದಗಳಿಗಾಗಿ ಸ್ವಲ್ಪ ತಡವರಿಸಿದಳು. ‘ಕಣಗಳಿಗೆ ತಮ್ಮದೇ ಗುರುತು ಇಲ್ಲ ಅನ್ನೋದಕ್ಕೂ ಎಲ್ಲಾ ಒಂದೇ ಅನ್ನೋದಕ್ಕೂ ವ್ಯತ್ಯಾಸ ಇಲ್ವಾ ಸರ್?’ ಎಂದು ಕೇಳಿದಳು. ‘ಅದು ಅನುಭವಕ್ಕೆ ಬಿಟ್ಟ ವಿಷಯ ಕಣಮ್ಮಾ’ ಎಂಬ ಉತ್ತರ ವೇದಿಕೆಯಿಂದ ಬಂತು. ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು. ತಟ್ಟಿದ ಕೈಗಳಲ್ಲಿ ನಮ್ಮವೂ ಇದ್ದವು. ಆಕೆ ಮತ್ತೆ ನಮ್ಮ ಸಭೆಗೆ ಬಂದದ್ದು ನೆನಪಿಲ್ಲ.

ಆಕೆಯ ಪ್ರಶ್ನೆಗೆ ಉತ್ತರವಿದೆ. ವ್ಯತ್ಯಾಸವಿದೆ, ಅದೇ ಈ ವಿಷಯದ ತಿರುಳು. ಅದನ್ನು ಅತ್ಯಂತ ಸ್ಪಷ್ಟವಾಗಿ ಹೇಳಿದವರಲ್ಲಿ ಮೊದಲಿಗರು ನಮ್ಮ ಭಾಷಣಕಾರರು ತಮ್ಮ ಪರವಾಗಿ ಪದೇ ಪದೇ ಕಟಕಟೆಗೆ ಕರೆಯುವ ಸಾಕ್ಷಿಯೇ: ಎರ್ವಿನ್ ಶ್ರೋಡಿಂಗರ್. ಹಾಗಾಗಿ ಅವರನ್ನೇ ಮೊದಲು ವಿಚಾರಿಸೋಣ.

ಶ್ರೋಡಿಂಗರ್ ಹುಟ್ಟಿದ್ದು 1887ರಲ್ಲಿ, ವಿಯೆನ್ನಾದಲ್ಲಿ. 1926ರಲ್ಲಿ ಅವರು ಪ್ರಕಟಿಸಿದ ತರಂಗ ಸಮೀಕರಣ ಕ್ವಾಂಟಮ್ ಭೌತಶಾಸ್ತ್ರದ ಬೆನ್ನೆಲುಬಾಯಿತು. ಆಸ್ಟ್ರಿಯಾ ನಾಜಿಗಳ ವಶವಾದ 1938ರಲ್ಲಿ ಗ್ರಾಟ್ಸ್ ನಗರವನ್ನು ಬಿಟ್ಟು ಹೊರಟ ಅವರು ಮರುವರ್ಷ ಡಬ್ಲಿನ್ ಸೇರಿ, 1956ರವರೆಗೆ ಅಲ್ಲೇ ನೆಲೆಸಿದರು. 1950ರ ಫೆಬ್ರವರಿಯಲ್ಲಿ ಅಲ್ಲಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸಾರ್ವಜನಿಕರಿಗಾಗಿ ನಾಲ್ಕು ಉಪನ್ಯಾಸಗಳನ್ನು ಕೊಟ್ಟರು. ಅವು ಮರುವರ್ಷ ‘ಸೈನ್ಸ್ ಅಂಡ್ ಹ್ಯೂಮನಿಸಮ್’ ಎಂಬ ಕಿರುಹೊತ್ತಗೆಯಾಗಿ ಹೊರಬಂದವು.

ಆ ಉಪನ್ಯಾಸಗಳಲ್ಲಿ ಅವರು ಮಂಡಿಸಿದ ವಿಚಾರದ ಸಾರ ಹೀಗಿದೆ. ಈ ಕ್ಷಣ ಇಲ್ಲೊಂದು ಎಲೆಕ್ಟ್ರಾನನ್ನು ಕಂಡೆವೆನ್ನಿ. ಮರುಕ್ಷಣ ಅದರ ಸಮೀಪದಲ್ಲೇ ಅಂಥದೊಂದು ಎಲೆಕ್ಟ್ರಾನನ್ನು ಕಂಡೆವು. ಇದು ಅದೇನೋ, ಬೇರೆಯೋ? ‘ಎರಡರಲ್ಲೊಂದು ಸತ್ಯವಾಗಿರಲೇಬೇಕು, ನಮಗೆ ಗೊತ್ತಾಗದಿರಬಹುದು, ಅಷ್ಟೆ’ ಎಂದು ನಾವು ಸಹಜವಾಗಿ ಅಂದುಕೊಳ್ಳುತ್ತೇವೆ. ಶ್ರೋಡಿಂಗರ್ ಇದನ್ನು ನಿರಾಕರಿಸುತ್ತಾರೆ. ಗೊತ್ತಾಗದಿರುವುದು ಇಲ್ಲಿನ ತೊಡಕಲ್ಲ. ‘ಇದು ಅದೇನೋ’ ಎಂಬ ಪ್ರಶ್ನೆಗೇ ಅರ್ಥವಿಲ್ಲ. ಮುಚ್ಚಿಟ್ಟ ಉತ್ತರ ಎಲ್ಲಿಯೂ ಇಲ್ಲ.

ಇದನ್ನು ಅರಿಯಲು ಹೊರನಾಡ ಕನ್ನಡಿಗರಾದ ನಮಗೆ ಮನಿಯಾರ್ಡರಿಗಿಂತ ಒಳ್ಳೆಯ ದೃಷ್ಟಾಂತ ಬೇಕಿಲ್ಲ. ಹಿಂದಿನ ತಲೆಮಾರಿನಲ್ಲಿ ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಅಣ್ಣತಮ್ಮಂದಿರನ್ನು ನೆನೆಯಿರಿ. ತಿಂಗಳ ಕೊನೆಗೆ ಇಬ್ಬರೂ ಐವತ್ತೈವತ್ತು ರೂಪಾಯಿಗಳನ್ನು ಅಂಚೆ ಕಚೇರಿಯಲ್ಲಿ ಕಟ್ಟುತ್ತಾರೆ. ಕುಂದಾಪುರದ ಕಡೆಯ ಹಳ್ಳಿಯೊಂದರಲ್ಲಿ ಪೋಸ್ಟ್‌ಮ್ಯಾನ್ ಅವರ ತಾಯಿಯ ಹೆಬ್ಬೆಟ್ಟು ಒತ್ತಿಸಿಕೊಂಡು ನೂರು ರೂಪಾಯಿ ಎಣಿಸಿಕೊಡುತ್ತಾನೆ. ಮಕ್ಕಳು ಕಟ್ಟಿದ ನೋಟುಗಳು ಮುಂಬಯಿಯಲ್ಲೇ ಉಳಿದಿವೆ. ತಾಯಿಗೆ ಸಿಕ್ಕವು ಬೇರೆ ನೋಟುಗಳು. ಹಾಗಿದ್ದೂ ಬಂದದ್ದು ಮಕ್ಕಳು ಕಳಿಸಿದ ಹಣವೇ. ಆ ನೂರರಲ್ಲಿ ತಾಯಿ ಮೂವತ್ತನ್ನು ಅಂಗಡಿಯ ಸಾಲಕ್ಕೆ ತೆತ್ತರು. ಆ ಮೂವತ್ತು ಯಾವ ಮಗನ ಹಣ? ಅಂಚೆ ಇಲಾಖೆಯ ಎಲ್ಲ ಲೆಕ್ಕಪುಸ್ತಕಗಳನ್ನು ತೆರೆದರೂ ಇದಕ್ಕೆ ಉತ್ತರ ಸಿಗದು. ಉತ್ತರ ಕಳೆದುಹೋಗಿದೆ ಎಂದಲ್ಲ, ಅದು ಇರಲೇ ಇಲ್ಲ. ಆದರೆ ನೂರು ಎಂಬುದು ಮಾಯೆಯೆ? ಒಂದು ರೂಪಾಯಿ ಕಡಿಮೆ ಬಂದಿದ್ದರೆ ಆ ತಾಯಿ ಪೋಸ್ಟ್‌ಮ್ಯಾನನನ್ನು ಅಂಗಳ ದಾಟಲು ಬಿಡುತ್ತಿದ್ದರೆ?

ಕನ್ನಡದಲ್ಲಿ ‘ಎಷ್ಟು’ ಮತ್ತು ‘ಯಾವುದು’ ಎಂಬ ಎರಡು ಪ್ರಶ್ನೆಗಳಿವೆ. ಹಣದ ಮೊತ್ತಕ್ಕೆ ‘ಎಷ್ಟು’ ಎಂಬುದು ಸಲ್ಲುತ್ತದೆ, ‘ಯಾವುದು’ ಎಂಬುದು ಸಲ್ಲುವುದಿಲ್ಲ. ಎಲೆಕ್ಟ್ರಾನುಗಳ ವಿಷಯದಲ್ಲಿ ಶ್ರೋಡಿಂಗರ್ ಹೇಳಿದ್ದೂ ಬಹುಮಟ್ಟಿಗೆ ಇದನ್ನೇ. ಅವು ಇವೆ, ಎಣಿಕೆಗೆ ಸಿಗುತ್ತವೆ, ಆದರೆ ಇಂಥದೇ ಎಂದು ಹೆಸರಿಟ್ಟು ಕರೆಯಲು ಬೇಕಾದ ತನ್ನತನ ಅವಕ್ಕಿಲ್ಲ. ಇಲ್ಲಿ ತನ್ನತನವೆಂದರೆ ಗುಣವಿಶೇಷವಲ್ಲ. ‘ಅಂದು ಕಂಡದ್ದು ಇದೇ’ ಎಂದು ಹೇಳಲು ಆಧಾರವಾಗುವ ಗುರುತು.

ಇದು ಬರಿಯ ಮಾತಿನ ವರಸೆಯಲ್ಲ, ಅಳೆದು ನೋಡಬಹುದಾದ ಸಂಗತಿ. ಕ್ರಮಸಂಖ್ಯೆಯುಳ್ಳ ಎರಡು ನೋಟುಗಳನ್ನು ಇಬ್ಬರಿಗೆ ಹಂಚುವ ಬಗೆಗಳು ನಾಲ್ಕು: ಎರಡೂ ಮೊದಲನೆಯವನಿಗೆ, ಎರಡೂ ಎರಡನೆಯವನಿಗೆ, ಈ ನೋಟು ಇವನಿಗೆ ಆ ನೋಟು ಅವನಿಗೆ, ಅಥವಾ ಅದಲುಬದಲು. ಬ್ಯಾಂಕಿನ ಎರಡು ಖಾತೆಗಳಿಗೆ ಎರಡು ರೂಪಾಯಿ ಹಂಚುವ ಬಗೆಗಳು ಮೂರೇ, ಏಕೆಂದರೆ ಅದಲುಬದಲು ಎಂಬುದಕ್ಕೆ ಅಲ್ಲಿ ಅರ್ಥವಿಲ್ಲ. ಪ್ರತಿಯೊಂದು ಬಗೆಯೂ ಸಮಸಂಭವವಾಗಿದ್ದರೆ, ತಲಾ ಒಂದೊಂದು ದಕ್ಕುವ ಸಂಭವ ಮೊದಲ ಲೆಕ್ಕದಲ್ಲಿ ಎರಡರಲ್ಲೊಂದು, ಎರಡನೆಯದರಲ್ಲಿ ಮೂರರಲ್ಲೊಂದು. ಪ್ರಕೃತಿ ಯಾವ ಲೆಕ್ಕವನ್ನು ಅನುಸರಿಸುತ್ತದೆ ಎಂಬುದನ್ನು ಪ್ರಯೋಗಶಾಲೆಯಲ್ಲಿ ಕೇಳಿ ತಿಳಿಯಬಹುದು.

ಬೆಳಕಿನ ವಿಷಯದಲ್ಲಿ ಈ ಲೆಕ್ಕವನ್ನು ಮೊದಲು ಮಾಡಿದವರು ನಮ್ಮ ಉಪಖಂಡದವರೇ. ಢಾಕಾ ವಿಶ್ವವಿದ್ಯಾಲಯದಲ್ಲಿದ್ದ ಸತ್ಯೇಂದ್ರನಾಥ ಬೋಸ್ 1924ರ ಜೂನ್ 4ರಂದು ಐನ್‌ಸ್ಟೈನರಿಗೆ ಪತ್ರ ಬರೆದು, ಜೊತೆಗೊಂದು ಪುಟ್ಟ ಪ್ರಬಂಧವನ್ನು ಕಳಿಸಿದರು. ಐನ್‌ಸ್ಟೈನ್ ತಾವೇ ಅದನ್ನು ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಿಸಿದರು. ಯಾವ ಬೆಳಕಿನ ಕಣ ಯಾವ ಕೋಶದಲ್ಲಿದೆ ಎಂದು ಬೋಸ್ ಕೇಳಲಿಲ್ಲ. ಎಷ್ಟು ಕೋಶಗಳು ಖಾಲಿ, ಎಷ್ಟರಲ್ಲಿ ಒಂದು ಕಣ, ಎಷ್ಟರಲ್ಲಿ ಎರಡು ಎಂದು ಕೇಳಿದರು. ಪ್ಲಾಂಕ್ 1900ರಲ್ಲಿ ಕಂಡುಕೊಂಡಿದ್ದ ವಿಕಿರಣದ ನಿಯಮ ಆ ಎಣಿಕೆಯಿಂದ ನೇರವಾಗಿ ಹೊರಬಂತು. ಐನ್‌ಸ್ಟೈನ್ ಅದೇ ಎಣಿಕೆಯನ್ನು ಪರಮಾಣುಗಳ ಅನಿಲಕ್ಕೂ ವಿಸ್ತರಿಸಿದಾಗ, ಅದರಲ್ಲಿ ತಪ್ಪಿದೆಯೆಂದು ಶಂಕಿಸಿ 1925ರ ಆರಂಭದಲ್ಲಿ ಪತ್ರ ಬರೆದವರು ಬೇರಾರೂ ಅಲ್ಲ, ಶ್ರೋಡಿಂಗರ್. ತಪ್ಪಿಲ್ಲವೆಂದು ಐನ್‌ಸ್ಟೈನ್ ಬಿಡಿಸಿ ಬರೆದರು. ಕಣಗಳಿಗೆ ತನ್ನತನವಿಲ್ಲವೆಂಬ ವಿಚಾರ ಶ್ರೋಡಿಂಗರರಿಗೆ ಧ್ಯಾನದಲ್ಲಿ ಹೊಳೆದದ್ದಲ್ಲ. ಲೆಕ್ಕದ ಬಗ್ಗೆ ಜಗಳವಾಡಿ, ಸೋತು, ಒಪ್ಪಿಕೊಂಡು ಪಡೆದದ್ದು.

ಆ ಲೆಕ್ಕ ನುಡಿದ ಭವಿಷ್ಯ 1995ರಲ್ಲಿ ಅಮೆರಿಕದ ಬೋಲ್ಡರ್ ನಗರದ ಪ್ರಯೋಗಶಾಲೆಯಲ್ಲಿ ನಿಜವಾಯಿತು. ಶೂನ್ಯ ಕೆಲ್ವಿನ್‌ಗಿಂತ ಒಂದು ಡಿಗ್ರಿಯ ಕೋಟಿಯ ಕೆಲವಂಶಗಳಷ್ಟೇ ಮೇಲಿನ ಶೈತ್ಯದಲ್ಲಿ ಸುಮಾರು ಎರಡು ಸಾವಿರ ರುಬಿಡಿಯಮ್ ಪರಮಾಣುಗಳು ಒಂದೇ ಸ್ಥಿತಿಗೆ ಕುಸಿದು ಸೇರಿದವು. ಹೀಲಿಯಮ್ಮಿನಲ್ಲಿ ಇದರ ಸಾಕ್ಷ್ಯ ಇನ್ನೂ ತೀಕ್ಷ್ಣವಾಗಿದೆ. ಹೀಲಿಯಮ್-4 ಮತ್ತು ಹೀಲಿಯಮ್-3 ರಾಸಾಯನಿಕವಾಗಿ ಒಂದೇ. ವ್ಯತ್ಯಾಸ ಒಂದು ನ್ಯೂಟ್ರಾನ್ ಮಾತ್ರ. ಆದರೆ ಆ ಒಂದು ನ್ಯೂಟ್ರಾನಿನಿಂದ ಅವುಗಳ ಎಣಿಕೆಯ ಬಗೆಯೇ ಬದಲಾಗುತ್ತದೆ. ಮೊದಲನೆಯದು 2.17 ಕೆಲ್ವಿನ್‌ನಲ್ಲೇ ಘರ್ಷಣೆಯಿಲ್ಲದೆ ಹರಿಯುವ ಅತಿದ್ರವವಾಗುತ್ತದೆ. ಎರಡನೆಯದನ್ನು ಅದಕ್ಕಿಂತ ಸುಮಾರು ಸಾವಿರ ಪಟ್ಟು ತಣ್ಣಗಾಗಿಸಬೇಕು.

ಎಲೆಕ್ಟ್ರಾನುಗಳ ಎಣಿಕೆ ಮತ್ತೊಂದು ಬಗೆ. 1925ರಲ್ಲಿ ಪೌಲಿ, ಮರುವರ್ಷ ಫರ್ಮಿ ಮತ್ತು ಡಿರಾಕ್ ಅದನ್ನು ನಿರೂಪಿಸಿದರು: ಒಂದು ಸ್ಥಿತಿಯಲ್ಲಿ ಒಂದಕ್ಕಿಂತ ಹೆಚ್ಚು ಎಲೆಕ್ಟ್ರಾನ್ ಇರುವಂತಿಲ್ಲ. ಹಾಗಾಗಿ ಎರಡು ಸ್ಥಿತಿಗಳಿಗೆ ಎರಡು ಎಲೆಕ್ಟ್ರಾನುಗಳನ್ನು ಹಂಚುವ ಬಗೆ ಒಂದೇ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದು ಮುಗಿಸಿದ ಹತ್ತೊಂಬತ್ತರ ಹರೆಯದ ಸುಬ್ರಹ್ಮಣ್ಯನ್ ಚಂದ್ರಶೇಖರ್ 1930ರಲ್ಲಿ ಮುಂಬಯಿ ಬಂದರಿನಿಂದ ಹಡಗು ಹತ್ತಿ, ಪಯಣದ ದಿನಗಳಲ್ಲಿ ಈ ಎಣಿಕೆಯನ್ನು ಶ್ವೇತ ಕುಬ್ಜ ನಕ್ಷತ್ರಗಳಿಗೆ ಅನ್ವಯಿಸಿದರು. ಎಲೆಕ್ಟ್ರಾನುಗಳು ಒಂದೇ ಸ್ಥಿತಿಯಲ್ಲಿ ಒಟ್ಟಾಗಲು ಒಲ್ಲದಿರುವುದರಿಂದಲೇ ಆ ನಕ್ಷತ್ರ ಕುಸಿಯದೆ ನಿಂತಿರುತ್ತದೆ. ಆದರೆ ಅದರ ರಾಶಿ ಸೂರ್ಯನ ಸುಮಾರು 1.4 ಪಟ್ಟನ್ನು ಮೀರಿದರೆ ಆ ಆಸರೆ ಸಾಲದು. ಮುಂಬಯಿ, ಚೆನ್ನೈಗಳಲ್ಲಿ ಕೂತು ‘ಕಣಗಳೆಲ್ಲ ಭ್ರಮೆ’ ಎಂದು ಬರೆಯುವ ನಾವು ಈ ಹಡಗನ್ನೊಮ್ಮೆ ನೆನೆಯುವುದು ಒಳಿತು.

ಈಗ ‘ಎಲ್ಲವೂ ಕಥನ’ ಎನ್ನುವ ಗೆಳೆಯರಿಗೆ ನೇರವಾಗಿ ಒಂದು ಮಾತು. ಕಣಕ್ಕೆ ತನ್ನತನವಿಲ್ಲವೆಂದಾಗ ಅದಕ್ಕೆ ಇರವೇ ಇಲ್ಲವೆಂದು ನೀವು ಓದುತ್ತೀರಿ. ಇರುವುದಕ್ಕೂ ‘ಇಂಥದೇ ಒಂದು’ ಆಗಿರುವುದಕ್ಕೂ ನಡುವೆ ಅಂತರವಿರಬಹುದು ಎಂಬುದೇ ಇಲ್ಲಿನ ಹೊಸ ವಿಚಾರ. ಅದನ್ನು ಬಿಟ್ಟರೆ ಇಡೀ ಸಂಗತಿ ಕೈಬಿಟ್ಟುಹೋಗುತ್ತದೆ. ನಕ್ಷತ್ರ ನಿಲ್ಲುವುದೋ ಕುಸಿಯುವುದೋ ಎಂಬುದನ್ನು ನಿರ್ಧರಿಸುವ ಎಣಿಕೆ ಯಾರ ಕಥನಕ್ಕೂ ಕಾಯುವುದಿಲ್ಲ. ಈ ಎಣಿಕೆಯನ್ನು ಢಾಕಾದವರೊಬ್ಬರು, ರೋಮಿನವರೊಬ್ಬರು, ಕೇಂಬ್ರಿಜ್ಜಿನವರೊಬ್ಬರು ಕಟ್ಟಿದರು; ಅವರ ಕಥನಗಳು ಬೇರೆ ಬೇರೆ, ಹೀಲಿಯಮ್ಮಿನ ನಡವಳಿಕೆ ಎಲ್ಲರಿಗೂ ಒಂದೇ.

ಇನ್ನು ಅದ್ವೈತದ ಪರವಾಗಿ ಶ್ರೋಡಿಂಗರರನ್ನು ಕರೆತರುವವರ ವಿಚಾರ. ಅವರು ವೇದಾಂತವನ್ನು ಗಾಢವಾಗಿ ಮೆಚ್ಚಿದ್ದರು ಎಂಬುದರಲ್ಲಿ ಸಂಶಯವಿಲ್ಲ. 1944ರಲ್ಲಿ ಬಂದ ‘ವಾಟ್ ಈಸ್ ಲೈಫ್?’ ಗ್ರಂಥದ ಕೊನೆಯಲ್ಲಿ ಆತ್ಮ-ಬ್ರಹ್ಮಗಳ ಐಕ್ಯದ ಪ್ರಸ್ತಾಪವಿದೆ. ಆದರೆ ಕಾಲಾನುಕ್ರಮವನ್ನು ಸ್ವಲ್ಪ ನೋಡಿ. ‘ನನ್ನ ಜಗದ್ದೃಷ್ಟಿ’ ಎಂಬರ್ಥದ ಹೆಸರಿನಲ್ಲಿ 1961ರಲ್ಲಿ ಪ್ರಕಟವಾದ ಪುಸ್ತಕದ ಮೊದಲ ಭಾಗವನ್ನು, ವೇದಾಂತದ ವಿಚಾರವಿರುವ ಭಾಗವನ್ನು, ಅವರು ಬರೆದದ್ದು 1925ರ ಶರತ್ಕಾಲದಲ್ಲಿ. ತರಂಗ ಸಮೀಕರಣ ಪ್ರಕಟವಾದದ್ದು ಅದರ ಮರುವರ್ಷ. ಸಮೀಕರಣದಿಂದ ವೇದಾಂತ ಹುಟ್ಟಲಿಲ್ಲ. ಅವರ ವೇದಾಂತದ ವಿಷಯ ಚೈತನ್ಯ, ಎಲೆಕ್ಟ್ರಾನಲ್ಲ. 1958ರ ‘ಮೈಂಡ್ ಅಂಡ್ ಮ್ಯಾಟರ್’ ಕೃತಿಯಲ್ಲಂತೂ ಅವರು ಈ ವಿಷಯದಲ್ಲಿ ನಮ್ಮ ಭಾಷಣಕಾರರ ಬಾಯಿ ಕಟ್ಟಿದ್ದಾರೆ. ದ್ರಷ್ಟಾರ-ದೃಶ್ಯಗಳ ನಡುವಿನ ಗೋಡೆಯನ್ನು ಹೊಸ ಭೌತಶಾಸ್ತ್ರ ಕೆಡವಿತೆಂದು ಹೇಳಲಾಗದು, ಏಕೆಂದರೆ ಅಂಥ ಗೋಡೆ ಮೊದಲೇ ಇರಲಿಲ್ಲ ಎಂಬುದು ಅವರ ನಿಲುವು. ಐಕ್ಯವನ್ನು ಮನಸಾರೆ ನಂಬಿದವರೇ ಅದಕ್ಕೆ ಕ್ವಾಂಟಮ್ ಪ್ರಮಾಣಪತ್ರ ಬೇಡವೆಂದಿರುವಾಗ, ನಾವು ಅವರ ಹೆಸರಿನಲ್ಲಿ ಆ ಪತ್ರಕ್ಕೆ ಮುದ್ರೆ ಒತ್ತುತ್ತಿದ್ದೇವೆ.

ತರ್ಕದ ದೋಷ ಇದಕ್ಕಿಂತ ದೊಡ್ಡದು. ‘ಯಾವುದೆಂದು ಹೇಳಲಾಗದು’ ಎಂಬುದರಿಂದ ‘ಇರುವುದು ಒಂದೇ’ ಎಂಬುದು ಸಿದ್ಧಿಸುವುದಿಲ್ಲ. ಎರಡು ಎಲೆಕ್ಟ್ರಾನುಗಳ ವಿದ್ಯುದಂಶ ಒಂದರ ಎರಡು ಪಟ್ಟು. ಒಂದೇ ಆಗಿದ್ದರೆ ಹೀಗಿರುತ್ತಿರಲಿಲ್ಲ. ಬೋಸರ ಎಣಿಕೆಗೆ ‘ಎರಡು’ ಬೇಕೇ ಬೇಕು. ‘ಇರುವುದು ಒಂದೇ’ ಎಂಬ ಊಹೆಯನ್ನೂ ಭೌತಶಾಸ್ತ್ರ ಪರೀಕ್ಷಿಸದೆ ಬಿಟ್ಟಿಲ್ಲ. ಎಲ್ಲ ಎಲೆಕ್ಟ್ರಾನುಗಳು ಒಂದೇ ತೆರನಾಗಿರುವುದು ಏಕೆಂದರೆ ವಿಶ್ವದಲ್ಲಿ ಇರುವುದು ಒಂದೇ ಎಲೆಕ್ಟ್ರಾನ್, ಅದೇ ಕಾಲದಲ್ಲಿ ಮುಂದಕ್ಕೂ ಹಿಂದಕ್ಕೂ ಹೆಣೆದುಕೊಂಡು ಹೋಗುತ್ತಿದೆ ಎಂಬ ಸೊಗಸಾದ ಕಲ್ಪನೆಯನ್ನು ಜಾನ್ ವೀಲರ್ ತಮ್ಮ ವಿದ್ಯಾರ್ಥಿ ರಿಚರ್ಡ್ ಫೈನ್‌ಮನ್‌ಗೆ ಟೆಲಿಫೋನಿನಲ್ಲಿ ಹೇಳಿದ್ದರು. 1965ರ ನೊಬೆಲ್ ಉಪನ್ಯಾಸದಲ್ಲಿ ಫೈನ್‌ಮನ್ ಇದನ್ನು ನೆನೆದಿದ್ದಾರೆ. ಹಾಗಾದರೆ ಹಿಂದಕ್ಕೆ ಬರುವ ಎಳೆಗಳು ನಮಗೆ ಪಾಸಿಟ್ರಾನುಗಳಾಗಿ ಕಾಣಬೇಕು, ಅವು ಎಲೆಕ್ಟ್ರಾನುಗಳಷ್ಟೇ ಸಂಖ್ಯೆಯಲ್ಲಿರಬೇಕು. ಅಷ್ಟು ಪಾಸಿಟ್ರಾನುಗಳು ಎಲ್ಲಿ ಎಂದು ವಿದ್ಯಾರ್ಥಿ ತಕ್ಷಣ ಕೇಳಿದರು. ಗುರು ನಗೆಯಾಡಿ ‘ಅನುಭವಕ್ಕೆ ಬಿಟ್ಟದ್ದು’ ಎನ್ನಲಿಲ್ಲ. ‘ಪ್ರೋಟಾನುಗಳಲ್ಲಿ ಅಡಗಿರಬಹುದೇನೋ’ ಎಂದು ಇನ್ನೊಂದು ಊಹೆಯನ್ನು ಮುಂದಿಟ್ಟರು, ಅದೂ ನಿಲ್ಲಲಿಲ್ಲ.

ಇಷ್ಟಾಗಿಯೂ ‘ನಮ್ಮ ಹಿರಿಯರು ಈ ವಿಷಯದಲ್ಲಿ ಏನು ಹೇಳಿದ್ದಾರೆ’ ಎಂಬ ಕುತೂಹಲ ಸಹಜ, ಯೋಗ್ಯವೂ ಹೌದು. ಹಾಗಾದರೆ ಸರಿಯಾದ ಮನೆಯ ಬಾಗಿಲು ತಟ್ಟಬೇಕು. ಪರಮಾಣುಗಳ ತನ್ನತನದ ಪ್ರಶ್ನೆಯನ್ನು ನಮ್ಮಲ್ಲಿ ನೇರವಾಗಿ ಎತ್ತಿಕೊಂಡವರು ಅದ್ವೈತಿಗಳಲ್ಲ, ಕಣಾದನ ಪರಂಪರೆಯ ವೈಶೇಷಿಕರು. ಒಂದೇ ಜಾತಿಯ, ಒಂದೇ ಗುಣದ, ಒಂದೇ ಕ್ರಿಯೆಯ ಎರಡು ಪರಮಾಣುಗಳನ್ನು ಯಾವುದು ಬೇರ್ಪಡಿಸುತ್ತದೆ? ಪ್ರತಿಯೊಂದರಲ್ಲೂ ‘ವಿಶೇಷ’ವೆಂಬ, ಮತ್ತೊಂದಕ್ಕೆ ಇಳಿಸಲಾಗದ ಪದಾರ್ಥವೊಂದಿದೆ ಎಂದು ಅವರು ಉತ್ತರಿಸಿದರು, ದರ್ಶನಕ್ಕೆ ಹೆಸರು ಬಂದದ್ದೂ ಅದರಿಂದಲೇ ಎನ್ನುವುದು ವಾಡಿಕೆ. ದೇಶಕಾಲಗಳು ಬೇರೆಯಾದಾಗಲೂ ‘ಇದು ಅದೇ ಪರಮಾಣು’ ಎಂಬ ಪ್ರತ್ಯಭಿಜ್ಞೆ ಯೋಗಿಗಳಿಗೆ ಉಂಟಾಗುವುದು ಈ ವಿಶೇಷದ ಬಲದಿಂದ ಎಂದು ಪ್ರಶಸ್ತಪಾದರು ವಿವರಿಸಿದರು. ಶ್ರೋಡಿಂಗರ್ ಅಲ್ಲಗಳೆದದ್ದು ಸರಿಯಾಗಿ ಈ ಪ್ರತ್ಯಭಿಜ್ಞೆಯನ್ನೇ. ಬೋಸರ ಎಣಿಕೆಯಲ್ಲಿ ‘ವಿಶೇಷ’ಕ್ಕೆ ಸ್ಥಾನವಿಲ್ಲ. ನಮ್ಮ ಪೂರ್ವಿಕರು ಈ ಪ್ರಶ್ನೆಯನ್ನು ಇಷ್ಟು ಚೂಪಾಗಿ ಕೇಳಿದ್ದರು ಎಂಬುದು ಹೆಮ್ಮೆಯ ವಿಷಯ. ಅವರ ಉತ್ತರ ಇಂದಿನ ಎಣಿಕೆಗೆ ಎದುರಾಗಿ ನಿಂತಿದೆ ಎಂಬುದನ್ನು ಮುಚ್ಚಿಡುವುದು ಆ ಹೆಮ್ಮೆಗೆ ಬಗೆದ ದ್ರೋಹ.

ಉಡುಪಿಯ ಕಡೆಯವರು ಇನ್ನೊಂದು ಪ್ರಶ್ನೆ ಎತ್ತಬಹುದು. ಮಧ್ವಾಚಾರ್ಯರ ಪಂಚಭೇದಗಳಲ್ಲಿ ಜಡ-ಜಡ ಭೇದವೂ ಒಂದು. ಕ್ವಾಂಟಮ್ ವಿಜ್ಞಾನ ಶಂಕರರನ್ನು ಗೆಲ್ಲಿಸಿದ್ದರೆ ಮಧ್ವರನ್ನು ಸೋಲಿಸಿದೆಯೆ? ಎಲೆಕ್ಟ್ರಾನುಗಳು ಎರಡೆಂದು ಎಣಿಸಲ್ಪಡುವುದರಿಂದ ಮಧ್ವರೇ ಗೆದ್ದರೆ? ಶತಮಾನಗಳ ವಾದಪರಂಪರೆಯೊಂದನ್ನು ಅತಿಶೀತಲ ಅನಿಲದ ಮೋಡವೊಂದರಿಂದ ತೀರ್ಮಾನಿಸಹೊರಟರೆ ಎರಡೂ ಮತಗಳ ಆಚಾರ್ಯರು ನಮ್ಮನ್ನು ಕಂಡು ನಗುತ್ತಿದ್ದರು. ಅವರ ಪ್ರಮಾಣಗಳು ಬೇರೆ, ಅವರ ಪ್ರಯೋಜನ ಬೇರೆ. ಪ್ರಯೋಗಶಾಲೆಯ ಒಪ್ಪಿಗೆಯಿದ್ದರೆ ಮಾತ್ರ ನಿಲ್ಲುವಷ್ಟು ಬಡವಾಗಿದೆಯೆ ನಮ್ಮ ದರ್ಶನ?

ಪ್ರತಿಪಕ್ಷಕ್ಕೂ ನ್ಯಾಯ ಸಲ್ಲಬೇಕು. ಶ್ರೋಡಿಂಗರರ ಮಾತು ಕೊನೆಯ ಮಾತಲ್ಲ. ಒಂಟಿ ಕಣದೊಡನೆ ನಾವು ಎಂದೂ ಪ್ರಯೋಗ ಮಾಡುವುದಿಲ್ಲವೆಂದು ಅವರು 1952ರಲ್ಲಿ ಬರೆದರು. ಅದು ಸುಳ್ಳಾಯಿತು. 1984ರಲ್ಲಿ ಸಿಯಾಟಲ್‌ನಲ್ಲಿ ಹಾನ್ಸ್ ಡೆಮೆಲ್ಟ್ ಅವರ ತಂಡ ಒಂದೇ ಒಂದು ಪಾಸಿಟ್ರಾನನ್ನು ಮೂರು ತಿಂಗಳ ಕಾಲ ಬೋನಿನಲ್ಲಿ ಹಿಡಿದಿಟ್ಟಿತು. ಅದಕ್ಕೆ ‘ಪ್ರಿಸಿಲ್ಲಾ’ ಎಂದು ಹೆಸರನ್ನೂ ಇಟ್ಟರು, ಅದಕ್ಕೆ ಖಚಿತವಾದ ಗುರುತಿದೆಯೆಂದೂ ವಾದಿಸಿದರು. ನಮಗೆ ತೋರುವಂತೆ ಆ ಹೆಸರು ಸಂದದ್ದು ಬೋನಿಗೆ. ಒಳಗೆ ಇನ್ನೊಂದು ಬಂದು ಸೇರಿದ್ದರೆ ಯಾವುದು ಪ್ರಿಸಿಲ್ಲಾ ಎಂದು ಹೇಳಲು ಆಧಾರವಿರುತ್ತಿರಲಿಲ್ಲ. 1952ರಲ್ಲೇ ಡೇವಿಡ್ ಬೋಮ್ ಪ್ರತಿ ಕಣಕ್ಕೂ ನಿರಂತರವಾದ ಪಥವಿರುವ ಸಿದ್ಧಾಂತವನ್ನು ಮುಂದಿಟ್ಟರು; ಅದರ ಪ್ರಕಾರ ‘ಯಾವುದು’ ಎಂಬುದಕ್ಕೆ ಉತ್ತರವಿದೆ, ನಮಗೆ ಕಾಣಿಸದು, ಅಷ್ಟೆ. ಎಣಿಕೆಯ ಫಲ ಎರಡು ದೃಷ್ಟಿಗಳಲ್ಲೂ ಒಂದೇ. ಅದಲ್ಲದೆ ‘ಎಷ್ಟು’ ಎಂಬುದೂ ಎಲ್ಲ ಸ್ಥಿತಿಗಳಲ್ಲಿ ನಿಶ್ಚಿತವಲ್ಲ. ಲೇಸರ್ ಬೆಳಕಿನಲ್ಲಿ ಫೋಟಾನುಗಳ ಸಂಖ್ಯೆ ಎಣಿಸುವ ಮುನ್ನ ಒಂದೇ ಅಂಕಿಯಾಗಿ ನಿಂತಿರುವುದಿಲ್ಲ. ಭೌತಶಾಸ್ತ್ರ ತತ್ತ್ವಶಾಸ್ತ್ರಕ್ಕೆ ಗಡಿ ಹಾಕಬಲ್ಲದು, ಅದರ ಬದಲಿಗೆ ತೀರ್ಪು ಬರೆಯಲಾರದು. ‘ವಿಜ್ಞಾನವೇ ಹೇಳಿದೆ’ ಎಂಬ ವಾಕ್ಯದ ಮೇಲೆ ನಮಗಿರುವ ತಕರಾರಿಗೆ ಇದೂ ಒಂದು ಕಾರಣ.

ಆದರೆ ಶ್ರೋಡಿಂಗರರ ವಿಚಾರವನ್ನು ಗಂಭೀರವಾಗಿ ಎತ್ತಿಕೊಂಡವರು ಏನು ಮಾಡಿದರೆಂದು ನೋಡಿ. ಬ್ರೆಜಿಲ್‌ನ ತರ್ಕಶಾಸ್ತ್ರಜ್ಞ ನ್ಯೂಟನ್ ದ ಕೋಸ್ಟಾ 1980ರಲ್ಲಿ ‘ಪ್ರತಿ ವಸ್ತುವೂ ತನಗೆ ತಾನೇ ಸಮ’ ಎಂಬ ನಿಯಮವು ಕೆಲವು ವಸ್ತುಗಳಿಗೆ ಅನ್ವಯಿಸದ ಒಂದು ತರ್ಕವನ್ನು ಸೂಚಿಸಿ, ಅದಕ್ಕೆ ಶ್ರೋಡಿಂಗರರ ಹೆಸರಿಟ್ಟರು. ಅದೇ ದೇಶದ ಡೆಸಿಯೊ ಕ್ರೌಸೆ, ಎಷ್ಟಿವೆಯೆಂದು ಹೇಳಬಹುದಾದರೂ ಮೊದಲನೆಯದು ಎರಡನೆಯದು ಎಂದು ಸಾಲಿಡಲಾಗದ ವಸ್ತುಗಳ ಗಣಿತವನ್ನು ಕಟ್ಟಿದರು. ಸ್ಟೀವನ್ ಫ್ರೆಂಚ್ ಅವರೊಡನೆ ಬರೆದ ಅವರ ಗ್ರಂಥ 2006ರಲ್ಲಿ ಬಂತು. ಅವರು ಹೊಸ ತರ್ಕ ಕಟ್ಟುತ್ತಿದ್ದಾಗ ನಾವು ಅದೇ ವಿಚಾರವನ್ನು ಭಾಷಣದ ಕೊನೆಗೆ ಒಗ್ಗರಣೆಯಾಗಿ ಬಳಸುತ್ತಿದ್ದೆವು.

ಉಳಿದದ್ದು ಮೂರನೆಯ ಮಾತು: ಹೊರನಾಡಿನವರಾದ ನಾವು ಕ್ವಾಂಟಮ್ ಕಣಗಳ ಹಾಗೆ ಎಂಬುದು. ಈ ರೂಪಕ ನಮ್ಮ ಎಷ್ಟೋ ಕವಿತೆಗಳಲ್ಲಿ ಸುಳಿದಿದೆ. ಇದರ ಹಿಂದಿನ ನೋವನ್ನು ನಾವು ಬಲ್ಲೆವು. ಹಳಸಿದ್ದು ರೂಪಕ, ನೋವಲ್ಲ. ಎರಡು ಎಲೆಕ್ಟ್ರಾನುಗಳನ್ನು ಅದಲುಬದಲು ಮಾಡಿದರೆ ಜಗತ್ತಿನಲ್ಲಿ ಯಾವ ಅಳತೆಯೂ ಬದಲಾಗದು. ಇಬ್ಬರು ವಲಸಿಗರನ್ನು ಅದಲುಬದಲು ಮಾಡಿ ನೋಡಿ! ಮಾಟುಂಗದ ಒಂದು ಮನೆಗೆ ಸಿಕಂದರಾಬಾದಿನ ಇನ್ನೊಬ್ಬ ತಾಯಿಯನ್ನು ಕಳಿಸಿ ನೋಡಿ! ವಲಸೆ ಬಂದವರನ್ನು ಹೆಸರಿಲ್ಲದ, ಬದಲಿ ಸಿಗುವ, ತಲೆಯೆಣಿಕೆಗೆ ಮಾತ್ರ ಸಲ್ಲುವ ಜನವೆಂದು ನೋಡುವ ಕಣ್ಣುಗಳು ಊರಿನಲ್ಲೂ ಇವೆ, ಇಲ್ಲಿಯೂ ಇವೆ. ಆ ನೋಟವನ್ನೇ ನಾವು ರೂಪಕವಾಗಿ ಒಪ್ಪಿ ಹಾಡಬೇಕೆ?

ಈ ವಿಷಯದಲ್ಲಿ ಶ್ರೋಡಿಂಗರ್ ಹೇಳಿದ ಒಂದು ಸಂಗತಿಯನ್ನು ಯಾವ ಭಾಷಣದಲ್ಲೂ ನಾವು ಕೇಳಿಲ್ಲ. ಡಬ್ಲಿನ್ನಿನ ಅದೇ ಉಪನ್ಯಾಸಗಳಲ್ಲಿ ಅವರು ತಮ್ಮ ಮೇಜಿನ ಮೇಲಿದ್ದ, ಕಾಗದಗಳು ಹಾರದಂತೆ ಇಡುವ ಕಬ್ಬಿಣದ ನಾಯಿಯೊಂದರ ಕಥೆ ಹೇಳುತ್ತಾರೆ. ಮೂಗು ಮೇಜಿನ ಮಟ್ಟಕ್ಕೆ ಎಟುಕದ ವಯಸ್ಸಿನಿಂದ ಅದನ್ನು ತಂದೆಯ ಮೇಜಿನ ಮೇಲೆ ಕಂಡಿದ್ದರು. ತಂದೆ ತೀರಿದ ಮೇಲೆ ಅದು ಅವರದಾಯಿತು, ಹೋದೆಡೆಗೆಲ್ಲ ಜೊತೆಗೆ ಬಂತು. 1938ರಲ್ಲಿ ಅವಸರದಿಂದ ಗ್ರಾಟ್ಸ್ ಬಿಡುವಾಗ ಅಲ್ಲೇ ಉಳಿಯಿತು. ಗೆಳತಿಯೊಬ್ಬರು ಅದನ್ನು ಎತ್ತಿಟ್ಟರು. ವರ್ಷಗಳ ಬಳಿಕ ಶ್ರೋಡಿಂಗರರ ಪತ್ನ ಆಸ್ಟ್ರಿಯಾಕ್ಕೆ ಹೋದಾಗ ತಂದುಕೊಟ್ಟರು. ಇದು ಅದೇ ನಾಯಿ ಎಂಬುದರಲ್ಲಿ ಅವರಿಗೆ ಅನುಮಾನವಿಲ್ಲ. ಆದರೆ ಯಾವುದರ ಬಲದಿಂದ ಅದೇ? ಒಳಗಿನ ಕಣಗಳು ‘ಅವೇ’ ಆಗಿರುವುದರಿಂದ ಅಲ್ಲ, ಏಕೆಂದರೆ ಕಣಗಳಿಗೆ ಆ ಮಾತೇ ಸಲ್ಲದು. ಉಳಿದುಬಂದದ್ದು ಅದರ ರೂಪ. ಅಚ್ಚಳಿಯದ ಆಕಾರ, ಸಂಘಟನೆ: ಗುರುತು ನೆಲೆಸಿರುವುದು ಅಲ್ಲಿ ಎನ್ನುತ್ತಾರೆ ಅವರು.

ಹೀಗೆ ನೋಡಿದರೆ ಎಲೆಕ್ಟ್ರಾನುಗಳ ತನ್ನತನವನ್ನು ಕಳಚಿದವರೇ ನಮ್ಮ ಮನೆಯ ವಸ್ತುಗಳ ತನ್ನತನವನ್ನು ಬೇರೊಂದೆಡೆ ಭದ್ರವಾಗಿ ಇಟ್ಟುಕೊಟ್ಟಿದ್ದಾರೆ. ಊರಿನಿಂದ ಟ್ರಂಕಿನಲ್ಲಿ ತಂದ ಹಿತ್ತಾಳೆಯ ದೀಪ, ಅಂಚು ಸವೆದ ಈಳಿಗೆಮಣೆ, ಅಜ್ಜಿಯ ಧಾಟಿಯಲ್ಲೇ ಇಂದಿಗೂ ಬಾಯಿಗೆ ಬರುವ ನುಡಿಗಟ್ಟು: ಇವು ಯಾವುದರಿಂದ ‘ಅವೇ’? ಲೋಹದ ಕಣಗಳಿಂದಲೂ ಅಲ್ಲ, ಉಸಿರಿನ ಗಾಳಿಯಿಂದಲೂ ಅಲ್ಲ. ಕೈಯಿಂದ ಕೈಗೆ, ಬಾಯಿಯಿಂದ ಬಾಯಿಗೆ ಕೆಡದೆ ದಾಟಿದ ರೂಪದಿಂದ. ವಲಸಿಗರ ಅಸ್ಮಿತೆಯ ಬಗ್ಗೆ ಬರೆಯಲು ಭೌತಶಾಸ್ತ್ರದಿಂದ ಏನಾದರೂ ಬೇಕೇ ಬೇಕೆಂದರೆ, ಶ್ರೋಡಿಂಗರರ ಎಲೆಕ್ಟ್ರಾನನ್ನು ಬಿಟ್ಟು ಅವರ ಕಬ್ಬಿಣದ ನಾಯಿಯನ್ನು ತೆಗೆದುಕೊಳ್ಳೋಣ.

ಇದನ್ನೆಲ್ಲ ಇಷ್ಟು ಕಟುವಾಗಿ ಏಕೆ ಹೇಳಬೇಕು ಎಂದು ಕೆಲವರು ಕೇಳಿಯಾರು. ಸಾಹಿತಿಗಳು ವಿಜ್ಞಾನದಿಂದ ನಾಲ್ಕು ಪದ ಕಡ ತಂದರೆ ಯಾರಿಗೇನು ನಷ್ಟ? ನಷ್ಟ ಕನ್ನಡಕ್ಕೆ. ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳು ಶಾಲೆಯಲ್ಲಿ ಭೌತಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಕಲಿಯುತ್ತಾರೆ. ಅಲ್ಲಿ ಪ್ರತಿ ಪದಕ್ಕೂ ಅಳತೆಯಿದೆ. ಸಂಜೆ ನಮ್ಮ ಸಭೆಗೆ ಬಂದರೆ ಅದೇ ಪದಗಳು ಅಳತೆಯಿಲ್ಲದೆ ತೇಲಾಡುತ್ತವೆ. ಖಚಿತವಾಗಿ ಯೋಚಿಸಲು ಇಂಗ್ಲಿಷ್, ಮಂಜುಮಂಜಾಗಿ ಭಾವಿಸಲು ಕನ್ನಡ ಎಂಬ ಪಾಠವನ್ನು ನಾವು ಹೀಗೆ ಅವರಿಗೆ ಕಲಿಸುತ್ತಿದ್ದೇವೆ. ಆ ಪಾಠ ಸುಳ್ಳು. ‘ಅದೇ’ ಮತ್ತು ‘ಅಂಥದೇ’ ಎಂಬ ಎರಡು ಪದಗಳನ್ನು ನಮ್ಮ ಮನೆಮಾತು ಬೇರೆಬೇರೆಯಾಗಿ ಇಟ್ಟುಕೊಂಡಿದೆ. ಶ್ರೋಡಿಂಗರರ ಇಡೀ ವಾದವನ್ನು ಅವೆರಡರ ಅಂತರದಲ್ಲಿ ಹೇಳಿಬಿಡಬಹುದು. ಎಲೆಕ್ಟ್ರಾನುಗಳ ಲೋಕದಲ್ಲಿ ‘ಅಂಥದೇ’ ಉಂಟು, ‘ಅದೇ’ ಇಲ್ಲ.

ಮುಂದಿನ ಸಭೆಯಲ್ಲಿ ಯಾರಾದರೂ ‘ಕ್ವಾಂಟಮ್ ವಿಜ್ಞಾನವೂ ಇದನ್ನೇ ಹೇಳುತ್ತದೆ’ ಎಂದಾಗ, ಯಾವ ಎಣಿಕೆಯಲ್ಲಿ ಹೇಳಿದೆ ಎಂದು ನಮ್ಮಲ್ಲಿ ಒಬ್ಬರಾದರೂ ಕೈಯೆತ್ತಿ ಕೇಳಬೇಕು. ಅಂದು ಕೇಳಿದ ಹುಡುಗಿ ಇದನ್ನು ಓದುತ್ತಿದ್ದರೆ ಒಂದು ಮಾತು: ವ್ಯತ್ಯಾಸ ಇದೆಯಮ್ಮಾ, ನೀನು ಕೇಳಿದ್ದು ಸರಿಯಾಗಿತ್ತು, ನಾವು ನಕ್ಕದ್ದು ತಪ್ಪು. ಮತ್ತೆ ಬಾ. ಈ ಸಲ ವೇದಿಕೆಯ ಮೇಲೆ ನೀನು ಮಾತಾಡು, ಪದ ಸಿಗದೆಡೆಯಲ್ಲಿ ನಾವು ಹುಡುಕಿಕೊಡುತ್ತೇವೆ.